ಸ್ಥಳೀಯ ಸ್ವತಂತ್ರ ತಂತ್ರಾಂಶ ಬಳಗಗಳು

ಸ್ಥಳೀಯ ಸ್ವತಂತ್ರ ತಂತ್ರಾಂಶ ಬಳಗಗಳು ಎಂದರೆ ಒಂದು ಊರು, ಕಾಲೇಜು ಅಥವಾ ಭಾಷಾಪ್ರದೇಶದ ಜನರು ಸ್ವತಂತ್ರ ಹಾಗೂ ಮುಕ್ತ ತಂತ್ರಾಂಶಗಳನ್ನು ಬಳಸಲು, ಕಲಿಸಲು, ಅನುವಾದಿಸಲು ಮತ್ತು ಅಭಿವೃದ್ಧಿಪಡಿಸಲು ಸ್ವಯಂಪ್ರೇರಣೆಯಿಂದ ಕಟ್ಟಿಕೊಂಡ ಗುಂಪುಗಳು. ಲಿನಕ್ಸ್ ಬಳಕೆದಾರರ ಗುಂಪು, ಗ್ನು/ಲಿನಕ್ಸ್ ಬಳಗ, ಭಾಷಾ ಅನುವಾದ ತಂಡ ಮೊದಲಾದ ಹೆಸರುಗಳಿಂದ ಇವು ಪರಿಚಿತವಾಗಿವೆ. ಬಹುಪಾಲು ಬಳಗಗಳಿಗೆ ನೋಂದಣಿಯಾಗಲಿ, ಚಂದಾ ಹಣವಾಗಲಿ, ಸ್ವಂತ ಕಟ್ಟಡವಾಗಲಿ ಇರುವುದಿಲ್ಲ. ಸದಸ್ಯರ ಬಿಡುವಿನ ಸಮಯ, ಪರಸ್ಪರ ನಂಬಿಕೆ ಮತ್ತು ಸ್ನೇಹಗಳೇ ಇವುಗಳ ಮೂಲ ಬಂಡವಾಳ.

ಕರ್ನಾಟಕದ ಬೇಸಾಯದಲ್ಲಿ ರೂಢಿಯಲ್ಲಿದ್ದ ಮುಯ್ಯಾಳು ಪದ್ಧತಿಗೆ ಈ ವ್ಯವಸ್ಥೆಯನ್ನು ಹೋಲಿಸಬಹುದು. ಇಂದು ಒಬ್ಬರ ಗದ್ದೆಯ ನಾಟಿಗೆ ಎಲ್ಲರೂ ಹೋಗುವುದು, ನಾಳೆ ಅವರು ಉಳಿದವರ ಗದ್ದೆಗೆ ಬರುವುದು ಆ ಪದ್ಧತಿಯ ಕ್ರಮ. ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಮುಯ್ಯಾಳಿನಲ್ಲಿ ಸಹಾಯ ಮಾಡಿದವರಿಗೇ ಮುಯ್ಯಿ ತೀರಿಸಬೇಕು. ತಂತ್ರಾಂಶ ಬಳಗದಲ್ಲಿ ಹಿರಿಯರಿಂದ ಪಡೆದ ಸಹಾಯವನ್ನು ಮುಂದೆ ಬರುವ ಹೊಸಬರಿಗೆ ಮಾಡಿ ತೀರಿಸಲಾಗುತ್ತದೆ.

ಹಿನ್ನೆಲೆ

1983ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನು ಯೋಜನೆಯನ್ನು ಪ್ರಕಟಿಸಿದರು. 1985ರಲ್ಲಿ ಅವರು ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವನ್ನು ಸ್ಥಾಪಿಸಿದರು. ತಂತ್ರಾಂಶವನ್ನು ಯಾವುದೇ ಉದ್ದೇಶಕ್ಕೆ ಬಳಸುವ, ಅದು ಕೆಲಸ ಮಾಡುವ ಬಗೆಯನ್ನು ಅರಿತು ಬದಲಿಸಿಕೊಳ್ಳುವ, ಪ್ರತಿಗಳನ್ನು ಹಂಚುವ ಮತ್ತು ಸುಧಾರಿಸಿದ ಪ್ರತಿಗಳನ್ನು ಹಂಚುವ ನಾಲ್ಕು ಸ್ವಾತಂತ್ರ್ಯಗಳು ಈ ಚಳವಳಿಯ ತಳಹದಿ. ನೆರೆಯವನಿಗೆ ಒಂದು ಪ್ರತಿ ಕೊಟ್ಟು ನೆರವಾಗುವುದು ಅಪರಾಧವಾಗಬಾರದೆಂಬುದು ಸ್ಟಾಲ್ಮನ್ನರ ಮುಖ್ಯ ವಾದಗಳಲ್ಲೊಂದು. ಆದ್ದರಿಂದ ನೆರೆಹೊರೆಯ ಕಲ್ಪನೆಯು ಈ ಚಳವಳಿಯಲ್ಲಿ ಆರಂಭದಿಂದಲೇ ಅಡಕವಾಗಿತ್ತು.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಬಿಡುಗಡೆ ಮಾಡಿದರು. 1993ರಲ್ಲಿ ಇಯಾನ್ ಮರ್ಡಾಕ್ ಸ್ವಯಂಸೇವಕರಿಂದಲೇ ನಡೆಯುವ ಡೆಬಿಯನ್ ಯೋಜನೆಯನ್ನು ಆರಂಭಿಸಿದರು. ಆ ಕಾಲದಲ್ಲಿ ಲಿನಕ್ಸನ್ನು ಗಣಕದಲ್ಲಿ ಅಳವಡಿಸುವುದು ಸುಲಭವಾಗಿರಲಿಲ್ಲ. ಹತ್ತಾರು ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ಹಾಕಬೇಕಾಗಿತ್ತು. ಪರದೆ, ಮೋಡೆಮ್, ಮುದ್ರಕಗಳನ್ನು ಕೈಯಾರೆ ಹೊಂದಿಸಬೇಕಾಗಿತ್ತು. ಒಮ್ಮೆ ತಿಳಿದವರು ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು. ಹೀಗೆ ಅಗತ್ಯದಿಂದಲೇ ಊರೂರುಗಳಲ್ಲಿ ಬಳಕೆದಾರರ ಗುಂಪುಗಳು ಹುಟ್ಟಿಕೊಂಡವು.

ಭಾರತದಲ್ಲಿ ಬೆಳವಣಿಗೆ

ಭಾರತದಲ್ಲಿ 1990ರ ದಶಕದಲ್ಲಿ ಅಂತರಜಾಲ ಸಂಪರ್ಕವು ದುಬಾರಿಯೂ ನಿಧಾನವೂ ಆಗಿತ್ತು. ಗಣಕ ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಸಿ.ಡಿ.ಗಳ ಮೂಲಕವೇ ಅನೇಕರಿಗೆ ಲಿನಕ್ಸ್ ದೊರೆಯಿತು. ಒಬ್ಬರು ಕೊಂಡ ಸಿ.ಡಿ. ಕೈಯಿಂದ ಕೈಗೆ ಸಾಗುತ್ತಿತ್ತು. ಅದರ ಪ್ರತಿ ತೆಗೆದು ಹಂಚುವುದಕ್ಕೆ ಪರವಾನಗಿಯೇ ಅನುಮತಿ ನೀಡಿತ್ತು. ಮುಂದೆ ಉಬುಂಟು ಯೋಜನೆಯು 2011ರವರೆಗೆ ಕೇಳಿದವರಿಗೆ ಅಂಚೆಯ ಮೂಲಕ ಉಚಿತವಾಗಿ ಸಿ.ಡಿ. ಕಳುಹಿಸುತ್ತಿತ್ತು. ಸಣ್ಣ ಊರುಗಳ ವಿದ್ಯಾರ್ಥಿಗಳಿಗೆ ಇದರಿಂದ ಬಹಳ ಅನುಕೂಲವಾಯಿತು.

ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪಿನ ಸ್ವಯಂಸೇವಕರು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವನ್ನು ಆರಂಭಿಸಿದರು. 2005ರಲ್ಲಿ ಇದು ‘ಫಾಸ್ ಡಾಟ್ ಇನ್’ ಎಂಬ ಹೆಸರು ಪಡೆದು 2012ರವರೆಗೆ ನಡೆಯಿತು. ಅತುಲ್ ಚಿಟ್ನಿಸ್ (1962–2013) ಇದರ ಪ್ರಮುಖ ಸಂಘಟಕರಾಗಿದ್ದರು. 2001ರ ಜುಲೈನಲ್ಲಿ ತಿರುವನಂತಪುರದಲ್ಲಿ ಭಾರತೀಯ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನವು ಉದ್ಘಾಟನೆಗೊಂಡಿತು. ಕೇರಳದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಬಳಗವು ಮಲಯಾಳಂ ಭಾಷೆಗೆ ಅಕ್ಷರಶೈಲಿಗಳನ್ನೂ ಕೀಲಿಮಣೆ ವಿನ್ಯಾಸಗಳನ್ನೂ ಒದಗಿಸಿತು. ತಮಿಳುನಾಡಿನ ವಿಳುಪ್ಪುರಂ ಬಳಗವು ಗ್ರಾಮೀಣ ವಿದ್ಯಾರ್ಥಿಗಳಿಗೆ ತರಬೇತಿ ನೀಡುತ್ತ ಬಂದಿದೆ. 2010ರಲ್ಲಿ ವಿವಿಧ ರಾಜ್ಯಗಳ ಸಂಘಟನೆಗಳು ಸೇರಿ ಭಾರತ ಸ್ವತಂತ್ರ ತಂತ್ರಾಂಶ ಆಂದೋಲನವನ್ನು ರೂಪಿಸಿದವು.

ಕರ್ನಾಟಕದ ಸ್ವತಂತ್ರ ತಂತ್ರಾಂಶ ಆಂದೋಲನವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗ್ನು/ಲಿನಕ್ಸ್ ಬಳಗಗಳನ್ನು ಕಟ್ಟಿತು. ಇದರ ಸ್ವಯಂಸೇವಕರು ಬೆಂಗಳೂರಿನ ಗುರಪ್ಪನಪಾಳ್ಯದ ಬಳಿಯ ಕೊಳೆಗೇರಿಯಲ್ಲಿ ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರವನ್ನು ನಡೆಸಲು ನೆರವಾದರು. ಅಲ್ಲಿನ ಮಕ್ಕಳು ಗಿಂಪ್ ಎಂಬ ಸ್ವತಂತ್ರ ತಂತ್ರಾಂಶವನ್ನು ಬಳಸಿ ಚಿತ್ರ ಬಿಡಿಸುವುದನ್ನು ಕಲಿತರು. ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲದಿದ್ದುದರಿಂದ ಹಳೆಯ ಗಣಕಗಳಲ್ಲಿಯೇ ಇಂತಹ ಕೇಂದ್ರಗಳನ್ನು ನಡೆಸುವುದು ಸಾಧ್ಯವಾಗುತ್ತದೆ.

ಸ್ವಯಂಸೇವೆಯ ಬಗೆಗಳು

ತಂತ್ರಾಂಶ ಬಳಗ ಎಂದೊಡನೆ ಕ್ರಮವಿಧಿ ಬರೆಯುವವರೇ ನೆನಪಿಗೆ ಬರುತ್ತಾರೆ. ವಾಸ್ತವದಲ್ಲಿ ಇಲ್ಲಿನ ಕೆಲಸಗಳು ಹಲವು ಬಗೆಯವು.

ಅಳವಡಿಕೆ ಶಿಬಿರ: ಜನರು ತಮ್ಮ ಗಣಕಗಳನ್ನು ತಂದು ಅನುಭವಿಗಳ ನೆರವಿನಿಂದ ಲಿನಕ್ಸ್ ಅಳವಡಿಸಿಕೊಳ್ಳುವ ಸಭೆ. ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿಟ್ಟುಕೊಳ್ಳುವಂತೆ ಹೇಳುವುದು ಸ್ವಯಂಸೇವಕರ ಮೊದಲ ಕರ್ತವ್ಯ.

ದೋಷ ವರದಿ: ತಂತ್ರಾಂಶ ಎಲ್ಲಿ, ಯಾವ ಸಂದರ್ಭದಲ್ಲಿ ತಪ್ಪುತ್ತದೆ ಎಂಬುದನ್ನು ಮತ್ತೊಬ್ಬರು ಅದೇ ತಪ್ಪನ್ನು ಮರಳಿ ಕಾಣುವಂತೆ ವಿವರವಾಗಿ ಬರೆದು ತಿಳಿಸುವುದು.

ಕೈಪಿಡಿ ರಚನೆ: ಬಳಕೆಯ ಕ್ರಮವನ್ನು ಸರಳ ಭಾಷೆಯಲ್ಲಿ ಬರೆಯುವುದು. ಆಗತಾನೇ ಕಲಿತವರು ಈ ಕೆಲಸಕ್ಕೆ ಹೆಚ್ಚು ಸೂಕ್ತರು. ಎಲ್ಲಿ ಎಡವುತ್ತೇವೆಂಬುದು ಅವರಿಗೆ ಇನ್ನೂ ಮರೆತಿರುವುದಿಲ್ಲ.

ಸಂಘಟನೆ: ಸಭೆಗೆ ಜಾಗ ಗೊತ್ತುಮಾಡುವುದು, ವಿದ್ಯುತ್ ತಂತಿಗಳನ್ನು ಹೊಂದಿಸುವುದು, ಚಹಾ ತರಿಸುವುದು, ಹೊಸಬರನ್ನು ಮಾತನಾಡಿಸುವುದು. ಈ ಕೆಲಸ ಯಾವ ದಾಖಲೆಯಲ್ಲಿಯೂ ಕಾಣಿಸುವುದಿಲ್ಲ. ಆದರೆ ಇದು ನಿಂತ ಬಳಗವು ಬಹುಕಾಲ ಉಳಿಯುವುದಿಲ್ಲ.

2004ರಿಂದ ಆಚರಣೆಗೆ ಬಂದ ತಂತ್ರಾಂಶ ಸ್ವಾತಂತ್ರ್ಯ ದಿನವು ಇಂತಹ ಬಳಗಗಳು ಸಾರ್ವಜನಿಕರನ್ನು ತಲುಪುವ ಒಂದು ಸಂದರ್ಭ. ಇದನ್ನು ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರ ಆಚರಿಸಲಾಗುತ್ತದೆ.

ಕನ್ನಡ ಅನುವಾದದ ಕೆಲಸ

ಭಾಷೆಯನ್ನು ಬಲ್ಲ ಆದರೆ ಕ್ರಮವಿಧಿ ಬರೆಯಲು ಬಾರದ ಜನರಿಗೂ ಅನುವಾದ ತಂಡಗಳಲ್ಲಿ ಸ್ಥಾನವಿದೆ. ಗ್ನೋಮ್, ಕೆಡಿಇ, ಫೈರ್‌ಫಾಕ್ಸ್ ಮುಂತಾದ ತಂತ್ರಾಂಶಗಳ ಕನ್ನಡ ರೂಪಗಳಲ್ಲಿ ಸ್ವಯಂಸೇವಕರ ಶ್ರಮವಿದೆ. ಸ್ವಯಂಸೇವಕರು ರೂಪಿಸಿದ ‘ನವಿಲು’ ಮತ್ತು ‘ಗುಬ್ಬಿ’ ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಸಂಗ್ರಹದ ಮೂಲಕ ಎಲ್ಲರಿಗೂ ದೊರೆಯುತ್ತವೆ. ‘ಸಂಚಯ’ ಬಳಗವು ಹೊರತಂದ ‘ಅರಿವಿನ ಅಲೆಗಳು’ ಸ್ವತಂತ್ರ ತಂತ್ರಾಂಶದ ವಿಚಾರವನ್ನು ಕನ್ನಡದ ಓದುಗರಿಗೆ ಪರಿಚಯಿಸಿದ ಲೇಖನ ಸಂಕಲನ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಕನ್ನಡವು ಗಣಕದಲ್ಲಿ ನೆಲೆಗೊಳ್ಳಬೇಕೆಂದು ತಮ್ಮ ಕೊನೆಯ ವರ್ಷಗಳಲ್ಲಿ ಶ್ರಮಿಸಿದರು.

ಅನುವಾದದ ಕಡತದಲ್ಲಿ ಮೂಲವಾಕ್ಯ ಮತ್ತು ಅದರ ಅನುವಾದವು ಜೋಡಿ ಜೋಡಿಯಾಗಿ ಇರುತ್ತವೆ. ಕೆಲಸವು ಮೇಲುನೋಟಕ್ಕೆ ಸರಳವಾಗಿ ಕಂಡರೂ ಕನ್ನಡ ವ್ಯಾಕರಣಕ್ಕೆ ಸಂಬಂಧಿಸಿದ ನಿಜವಾದ ತೊಡಕುಗಳು ಇದರಲ್ಲಿವೆ. ಉದಾಹರಣೆಗೆ, ಒಂದು ವಸ್ತುವಿನ ಹೆಸರನ್ನು ವಾಕ್ಯದ ನಡುವೆ ಗಣಕವೇ ತುಂಬಿಕೊಳ್ಳುವ ಸಂದರ್ಭವನ್ನು ನೋಡಬಹುದು. ಕನ್ನಡದಲ್ಲಿ ದ್ವಿತೀಯಾ ವಿಭಕ್ತಿ ಪ್ರತ್ಯಯವು ನಾಮಪದದ ಕೊನೆಯ ಸ್ವರಕ್ಕೆ ತಕ್ಕಂತೆ ಸಂಧಿಯಾಗುತ್ತದೆ: ಚಿತ್ರವನ್ನು, ಹಾಡನ್ನು, ಪಟ್ಟಿಯನ್ನು. ಯಾವ ಪದ ಬರುವುದೆಂದು ಅನುವಾದಕರಿಗೆ ಮೊದಲೇ ತಿಳಿಯದ ಕಾರಣ ‘ಅನ್ನು’ ಎಂಬುದನ್ನು ಬಿಡಿಯಾಗಿ ಬರೆಯುವ ರೂಢಿ ಬಂದಿತು. ಇದರಿಂದ ‘ಚಿತ್ರ ಅನ್ನು ಅಳಿಸು’ ಎಂಬಂತಹ ಕೃತಕ ವಾಕ್ಯಗಳು ಪರದೆಯ ಮೇಲೆ ಮೂಡುತ್ತವೆ. ‘ಚಿತ್ರ ಎಂಬ ಕಡತವನ್ನು ಅಳಿಸು’ ಎಂದು ವಾಕ್ಯವನ್ನೇ ತಿರುಗಿಸಿ ಬರೆಯುವುದು ಇದಕ್ಕೆ ಒಂದು ಪರಿಹಾರ.

ಕ್ರಿಯಾಪದದ ರೂಪವೂ ಚರ್ಚೆಗೆ ಎಡೆ ಮಾಡುತ್ತದೆ. ಬಳಕೆದಾರರು ಗಣಕಕ್ಕೆ ಆಜ್ಞೆ ಮಾಡುವಲ್ಲಿ ‘ಉಳಿಸು’, ‘ಮುದ್ರಿಸು’ ಎಂಬ ಏಕವಚನ ಸಲ್ಲುತ್ತದೆ. ಗಣಕವು ಬಳಕೆದಾರರಿಗೆ ಸೂಚನೆ ನೀಡುವಲ್ಲಿ ‘ನಿರೀಕ್ಷಿಸಿ’, ‘ಆರಿಸಿ’ ಎಂಬ ಗೌರವಸೂಚಕ ರೂಪ ಬೇಕಾಗುತ್ತದೆ. ಇಂತಹ ನಿರ್ಣಯಗಳನ್ನು ಒಬ್ಬರೇ ಕೈಗೊಳ್ಳುವಂತಿಲ್ಲ. ಒಂದೇ ತಂತ್ರಾಂಶದಲ್ಲಿ ಒಂದೆಡೆ ‘ಕಡತ’, ಮತ್ತೊಂದೆಡೆ ‘ಫೈಲು’ ಎಂದಿದ್ದರೆ ಬಳಕೆದಾರರು ಗೊಂದಲಕ್ಕೊಳಗಾಗುತ್ತಾರೆ. ಆದ್ದರಿಂದ ಅನುವಾದಕರು ಒಟ್ಟಿಗೆ ಕುಳಿತು ಪದಪಟ್ಟಿಯನ್ನು ಒಪ್ಪಿಕೊಳ್ಳುವುದು ರೂಢಿ. ಒಂದು ಪದಕ್ಕಾಗಿ ವಾದಿಸಿ ಸೋತವರೂ ಬಹುಮತದ ಪದವನ್ನು ಬಳಸಲು ಒಪ್ಪುವುದರಲ್ಲಿ ಬಳಗದ ಸೌಹಾರ್ದ ಕಂಡುಬರುತ್ತದೆ.

ನಂಬಿಕೆ ಮತ್ತು ಸ್ನೇಹ

ಸ್ವತಂತ್ರ ತಂತ್ರಾಂಶದ ಕೆಲಸ ಹೆಚ್ಚಾಗಿ ದೂರದಿಂದಲೇ ನಡೆಯುತ್ತದೆ. ಆದರೂ ಮುಖಾಮುಖಿ ಭೇಟಿಗೆ ಅದರಲ್ಲಿ ತಾಂತ್ರಿಕ ಮಹತ್ವವೇ ಇದೆ. ಡೆಬಿಯನ್ ಯೋಜನೆಯ ಸದಸ್ಯರು ತಾವು ಸಿದ್ಧಪಡಿಸಿದ ತಂತ್ರಾಂಶಕ್ಕೆ ಗೂಢಲಿಪಿ ಕೀಲಿಯಿಂದ ಸಹಿ ಮಾಡುತ್ತಾರೆ. ಆ ಕೀಲಿಯು ನಿಜವಾಗಿಯೂ ಅದೇ ವ್ಯಕ್ತಿಯದೆಂದು ತಿಳಿಯಲು ಸದಸ್ಯರು ಪರಸ್ಪರ ಭೇಟಿಯಾಗಿ, ಗುರುತಿನ ಪತ್ರಗಳನ್ನು ನೋಡಿ, ಒಬ್ಬರ ಕೀಲಿಗೆ ಮತ್ತೊಬ್ಬರು ಸಹಿ ಹಾಕುವ ಪದ್ಧತಿ ಬೆಳೆದುಬಂದಿದೆ. ಹೀಗೆ ಹೆಣೆದ ಸಹಿಗಳ ಜಾಲವನ್ನು ‘ವಿಶ್ವಾಸದ ಬಲೆ’ ಎನ್ನುತ್ತಾರೆ. 2000ದಲ್ಲಿ ಫ್ರಾನ್ಸಿನ ಬೋರ್ಡೋ ನಗರದಲ್ಲಿ ಆರಂಭವಾದ ಡೆಬಿಯನ್ ಸಮ್ಮೇಳನವು 2023ರಲ್ಲಿ ಕೇರಳದ ಕೊಚ್ಚಿಯಲ್ಲಿ ನಡೆಯಿತು. ಅದು ಭಾರತದಲ್ಲಿ ನಡೆದ ಮೊದಲ ಡೆಬಿಯನ್ ಸಮ್ಮೇಳನ.

ಮುಖವನ್ನೇ ನೋಡದ ಸಹೋದ್ಯೋಗಿಗಳ ನಡುವೆಯೂ ಆಳವಾದ ಬಂಧ ಬೆಳೆಯಬಹುದು. ಜೋಯೆಲ್ ಕ್ಲೆಕರ್ ಎಂಬ ತರುಣ ಡೆಬಿಯನ್ ಯೋಜನೆಗೆ ಹಲವು ಮುಖ್ಯ ಕೊಡುಗೆಗಳನ್ನು ನೀಡುತ್ತಿದ್ದರು. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ಅವರು ಹಾಸಿಗೆ ಹಿಡಿದಿದ್ದರೆಂಬುದು ಜೊತೆಗಾರರಲ್ಲಿ ಬಹುಪಾಲು ಜನರಿಗೆ ತಿಳಿದಿರಲಿಲ್ಲ. 2000ದ ಜುಲೈನಲ್ಲಿ, 21ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮುಂದಿನ ತಿಂಗಳು ಬಿಡುಗಡೆಯಾದ ಡೆಬಿಯನ್ 2.2 ಆವೃತ್ತಿಯನ್ನು ಅವರ ನೆನಪಿಗೆ ಅರ್ಪಿಸಲಾಯಿತು. 2017ರ ಡೆಬಿಯನ್ 9 ಆವೃತ್ತಿಯು ಸ್ಥಾಪಕ ಇಯಾನ್ ಮರ್ಡಾಕ್‌ರಿಗೆ ಅರ್ಪಿತವಾಯಿತು. ಕ್ಲೆಕರರ ಪ್ರಸಂಗಕ್ಕೆ ಎರಡು ಮುಖಗಳಿವೆ. ದೇಹದ ಸ್ಥಿತಿಯನ್ನು ಲೆಕ್ಕಿಸದೆ ಕೆಲಸದಿಂದಲೇ ಮನುಷ್ಯನನ್ನು ಅಳೆಯುವ ಸಮಾನತೆ ಒಂದು ಮುಖ. ದಿನವೂ ಜೊತೆಗೆ ದುಡಿಯುವವರ ಕಷ್ಟ ತಿಳಿಯದೇ ಹೋಗುವುದು ಇನ್ನೊಂದು ಮುಖ. ಸ್ಥಳೀಯ ಬಳಗಗಳ ತಿಂಗಳ ಸಭೆಗಳು ಈ ಎರಡನೆಯ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತವೆ.

ಸಮಸ್ಯೆಗಳು

ಸ್ವಯಂಸೇವಕರ ಬಳಲಿಕೆ: ಜಗತ್ತೇ ಅವಲಂಬಿಸಿರುವ ತಂತ್ರಾಂಶಗಳನ್ನು ಕೆಲವೊಮ್ಮೆ ಬೆರಳೆಣಿಕೆಯ ಜನರು ನಿರ್ವಹಿಸುತ್ತಿರುತ್ತಾರೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಯಲಾಯಿತು. ಅಸಂಖ್ಯ ಜಾಲತಾಣಗಳ ಭದ್ರತೆಗೆ ಆಧಾರವಾಗಿದ್ದ ಆ ಯೋಜನೆಗೆ ವರ್ಷಕ್ಕೆ ಸುಮಾರು 2,000 ಡಾಲರ್ ಮಾತ್ರ ದೇಣಿಗೆ ಬರುತ್ತಿತ್ತೆಂಬುದು ಆಗ ತಿಳಿದುಬಂದಿತು.

ವಿಶ್ವಾಸದ ದುರುಪಯೋಗ: ಎಕ್ಸ್‌ಝಡ್ ಎಂಬ ದತ್ತಾಂಶ ಸಂಕೋಚನ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನಿರ್ವಹಿಸುತ್ತಿದ್ದರು. ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲದ ಕಾರಣ ಕೆಲಸ ತಡವಾಗುತ್ತಿದೆ ಎಂದು ಅವರು 2022ರಲ್ಲಿ ಬಹಿರಂಗವಾಗಿಯೇ ತಿಳಿಸಿದ್ದರು. ‘ಜಿಯಾ ತಾನ್’ ಎಂಬ ಹೆಸರಿನ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಪಯುಕ್ತ ಕೆಲಸ ಮಾಡುತ್ತ ಅವರ ವಿಶ್ವಾಸ ಗಳಿಸಿ, ಸಹನಿರ್ವಾಹಕನಾಗಿ, ಕೊನೆಗೆ ತಂತ್ರಾಂಶದೊಳಗೆ ಕಳ್ಳಬಾಗಿಲೊಂದನ್ನು ಸೇರಿಸಿದನು. ಆ ಹೆಸರು ಸುಳ್ಳಿರಬೇಕೆಂದು ಭಾವಿಸಲಾಗಿದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೋಯಿಂಡ್ ಎಂಬ ಎಂಜಿನಿಯರ್, ಗಣಕದ ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದನ್ನು ಗಮನಿಸಿ ಈ ಸಂಚನ್ನು ಪತ್ತೆಹಚ್ಚಿದರು. ಒಂಟಿಯಾಗಿ ಭಾರ ಹೊತ್ತವರ ಹೆಗಲಿಗೆ ಸಕಾಲದಲ್ಲಿ ಹೆಗಲು ಕೊಡದಿದ್ದರೆ ಆ ಜಾಗಕ್ಕೆ ಕೆಡುಕರು ಬರಬಹುದೆಂಬುದನ್ನು ಈ ಘಟನೆ ತೋರಿಸಿತು.

ಒರಟು ನಡವಳಿಕೆ ಮತ್ತು ಹೊರಗಿಡುವಿಕೆ: ತಿಳಿದವರು ಹೊಸಬರನ್ನು ಹೀಗಳೆಯುವುದು, ಮಹಿಳೆಯರ ಸಂಖ್ಯೆ ಕಡಿಮೆಯಿರುವುದು ಈ ಬಳಗಗಳ ಬಗೆಗಿನ ಹಳೆಯ ಆಕ್ಷೇಪಗಳು. 2004ರಲ್ಲಿ ಡೆಬಿಯನ್ ಮಹಿಳಾ ಬಳಗ ರೂಪುಗೊಂಡಿತು. ಗ್ನೋಮ್ ಯೋಜನೆಯು 2006ರಲ್ಲಿ ಮಹಿಳೆಯರಿಗಾಗಿ ಆರಂಭಿಸಿದ ಕಾರ್ಯಕ್ರಮವು ಮುಂದೆ ‘ಔಟ್‌ರೀಚಿ’ ಎಂಬ ಹೆಸರಿನಲ್ಲಿ ವಿಸ್ತರಿಸಿತು. 2018ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕಟುವಾದ ಮಾತುಗಳಿಗಾಗಿ ಕ್ಷಮೆ ಕೇಳಿದರು. ಅದೇ ಸಮಯದಲ್ಲಿ ಲಿನಕ್ಸ್ ತಿರುಳಿನ ಯೋಜನೆಯು ನಡವಳಿಕೆಯ ಸಂಹಿತೆಯನ್ನು ಅಂಗೀಕರಿಸಿತು.

ವೇತನ ಮತ್ತು ಸ್ವಯಂಸೇವೆ: ಇಂದು ಲಿನಕ್ಸ್ ತಿರುಳಿನ ಹೆಚ್ಚಿನ ಪಾಲನ್ನು ಕಂಪನಿಗಳಿಂದ ಸಂಬಳ ಪಡೆಯುವ ಎಂಜಿನಿಯರುಗಳೇ ಬರೆಯುತ್ತಾರೆ. ಆದರೆ ಮಾರುಕಟ್ಟೆ ಚಿಕ್ಕದಾಗಿರುವ ಭಾಷೆಗಳ ಅನುವಾದ, ಅಕ್ಷರಶೈಲಿ, ಕೈಪಿಡಿಗಳ ಕೆಲಸವು ಬಹುಮಟ್ಟಿಗೆ ಸ್ವಯಂಸೇವಕರನ್ನೇ ನೆಚ್ಚಿದೆ. ವಿದ್ಯಾರ್ಥಿ ದೆಸೆಯಲ್ಲಿ ದುಡಿದವರು ಉದ್ಯೋಗ, ಸಂಸಾರಗಳಲ್ಲಿ ತೊಡಗಿದಾಗ ಕೆಲಸ ನಿಲ್ಲುತ್ತದೆ. ತಂತ್ರಾಂಶದ ಹೊಸ ಆವೃತ್ತಿ ಬಂದಂತೆ ಅನುವಾದವಾಗದ ವಾಕ್ಯಗಳು ಹೆಚ್ಚುತ್ತವೆ. ಕನ್ನಡದ ಪರದೆಯ ನಡುವೆ ಇಂಗ್ಲಿಷ್ ವಾಕ್ಯಗಳು ಮತ್ತೆ ತಲೆದೋರುತ್ತವೆ.

ಹೊಸಬರ ಪ್ರವೇಶ

ಅಳವಡಿಕೆಯು ಸುಲಭವಾದ ಮೇಲೆ ಹಳೆಯ ಬಗೆಯ ಬಳಕೆದಾರರ ಗುಂಪುಗಳು ಹಲವೆಡೆ ಕ್ಷೀಣಿಸಿವೆ. ಅವುಗಳ ಸ್ಥಾನದಲ್ಲಿ ಹೊಸ ವೇದಿಕೆಗಳು ಬಂದಿವೆ. 2020ರಲ್ಲಿ ಸ್ಥಾಪನೆಯಾದ ಫಾಸ್ ಯುನೈಟೆಡ್ ಪ್ರತಿಷ್ಠಾನವು ಹಲವು ನಗರಗಳಲ್ಲಿ ಸಭೆಗಳನ್ನು ಏರ್ಪಡಿಸುತ್ತದೆ.

ಹೊಸಬರು ಸಾಮಾನ್ಯವಾಗಿ ತಾವು ದಿನನಿತ್ಯ ಬಳಸುವ ಒಂದು ತಂತ್ರಾಂಶವನ್ನು ಆರಿಸಿಕೊಂಡು ಸಣ್ಣ ಕೆಲಸದಿಂದ ಆರಂಭಿಸುತ್ತಾರೆ: ಒಂದು ಕಾಗುಣಿತದ ತಪ್ಪನ್ನು ತಿದ್ದುವುದು, ಹತ್ತು ವಾಕ್ಯಗಳನ್ನು ಅನುವಾದಿಸುವುದು, ಒಂದು ದೋಷವನ್ನು ವರದಿ ಮಾಡುವುದು. ಹಿರಿಯ ಸದಸ್ಯರೊಬ್ಬರು ಅದನ್ನು ಪರಿಶೀಲಿಸಿ, ತಿದ್ದಿ, ಸ್ವೀಕರಿಸುತ್ತಾರೆ. ಆ ಮೊದಲ ತಿದ್ದುಪಡಿಯ ಜೊತೆಗೆ ಬರುವ ಮಾತು ಆದರದಿಂದ ಕೂಡಿದ್ದರೆ ಹೊಸಬರು ಮತ್ತೆ ಬರುತ್ತಾರೆ. ಇಲ್ಲವಾದರೆ ಅಲ್ಲಿಗೇ ನಿಲ್ಲಿಸುತ್ತಾರೆ. ‘ಹನಿಗೂಡಿದರೆ ಹಳ್ಳ’ ಎಂಬ ಗಾದೆಯಂತೆ ಇಂತಹ ಸಣ್ಣ ಕೆಲಸಗಳು ಕೂಡಿಯೇ ಬಳಗದ ತಂತ್ರಾಂಶವು ಬೆಳೆಯುತ್ತದೆ.