ಆಟ ಬರುತ್ತೆ ಅಂತ ಕಾದವರು

“ಅಮ್ಮಾ, ಇನ್ನು ಹನ್ನೆರಡು ತಿಂಗಳೊಳಗೆ ಗ್ಯಾರಂಟಿ ಬಂದೇ ಬರುತ್ತೆ!”

2022ರ ಜೂನ್ ತಿಂಗಳ ಒಂದು ಭಾನುವಾರದ ರಾತ್ರಿ. ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು ಗ್ರೈಂಡರ್ ತೊಳೆಯುತ್ತಿದ್ದೆ. ಆಗತಾನೆ ಹತ್ತನೇ ತರಗತಿಗೆ ಕಾಲಿಟ್ಟಿದ್ದ ಮಗ ಒಳಗಿನಿಂದ ಓಡಿಬಂದು ಹೀಗೆ ಕೂಗಿದ. ಯಾರೋ ನೆಂಟರ ಸುದ್ದಿ ಇರಬೇಕು ಅಂದುಕೊಂಡೆ. ನೋಡಿದರೆ, ಬರಬೇಕಾಗಿದ್ದುದು ಒಂದು ವಿಡಿಯೋ ಗೇಮ್!

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬ ಕಾಯುವವನೋ ಕಾಯುವವಳೋ ಇರಬಹುದು. “ಕೆಲಸವಿಲ್ಲದ ಕೆಲಸ” ಅಂತ ನೀವೂ ಗದರಿರಬಹುದು. ನಾನೂ ಗದರಿದವಳೇ. ಆದರೆ ಆ ಕಾಯುವಿಕೆಯ ಒಳಗುಟ್ಟು ತಿಳಿದ ಮೇಲೆ ಗದರುವುದನ್ನು ಕಡಿಮೆ ಮಾಡಿ, ಕೈಚೀಲದ ಮೇಲಿನ ಕಣ್ಣನ್ನು ಮಾತ್ರ ಹೆಚ್ಚು ಮಾಡಿದ್ದೇನೆ.

ಸೂಜಿ ಹಿಡಿದ ನಾಯಕಿ

ಮಗ ಕಾಯುತ್ತಿದ್ದ ಆಟದ ಹೆಸರು ‘ಸಿಲ್ಕ್‌ಸಾಂಗ್’. ಆಸ್ಟ್ರೇಲಿಯಾದ ಅಡಿಲೇಡ್ ಊರಿನ ‘ಟೀಮ್ ಚೆರಿ’ ಎಂಬ ಪುಟ್ಟ ತಂಡದ ಕೆಲಸ. ಆರಿ ಗಿಬ್ಸನ್, ವಿಲಿಯಂ ಪೆಲೆನ್ ಎಂಬ ಇಬ್ಬರು ಅದರ ಮುಖ್ಯಸ್ಥರು. 2014ರಲ್ಲಿ ಇವರು ಜನರಿಂದ ಚಂದಾ ಎತ್ತಿ, ಸುಮಾರು 57 ಸಾವಿರ ಆಸ್ಟ್ರೇಲಿಯನ್ ಡಾಲರ್ ಕೂಡಿಸಿ, 2017ರಲ್ಲಿ ‘ಹಾಲೋ ನೈಟ್’ ಎಂಬ ಆಟ ಹೊರತಂದರು. ಹುಳುಹುಪ್ಪಟೆಗಳ ಒಂದು ಪಾಳುಬಿದ್ದ ರಾಜ್ಯದ ಕಥೆ ಅದು. ರಜೆಗೆ ಬೆಂಗಳೂರಿನ ನನ್ನ ಅಣ್ಣನ ಮನೆಗೆ ಹೋದಾಗ ಮಗ ಅದನ್ನು ಆಡಿ ಬಂದಿದ್ದ.

ಚಂದಾ ಕೊಟ್ಟವರಿಗೆ ಆ ಆಟಕ್ಕೊಂದು ಹೆಚ್ಚುವರಿ ಭಾಗ ಮಾಡಿಕೊಡುತ್ತೇವೆ ಅಂತ ತಂಡ ಮಾತು ಕೊಟ್ಟಿತ್ತು. ಮಾಡುತ್ತಾ ಮಾಡುತ್ತಾ ಅದೇ ಬೆಳೆದು ದೊಡ್ಡದಾಯಿತು. ಇದು ಬೇರೆಯೇ ಆಟ ಎಂದು 2019ರ ಫೆಬ್ರುವರಿಯಲ್ಲಿ ಸಾರಿದರು. ಇದರ ನಾಯಕಿ ಹಾರ್ನೆಟ್. ಅವಳ ಆಯುಧ ಏನು ಗೊತ್ತೇ? ಸೂಜಿ ಮತ್ತು ರೇಷ್ಮೆ ದಾರ! ಇದನ್ನು ಕೇಳಿದ ಮೇಲೆ ನನಗೂ ಸ್ವಲ್ಪ ಕುತೂಹಲ ಹುಟ್ಟಿತು ಅನ್ನಿ.

ಆಗ ಮಗ ಆರನೇ ತರಗತಿ. 2022ರ ಜೂನ್‌ನಲ್ಲಿ ಎಕ್ಸ್‌ಬಾಕ್ಸ್‌ನವರ ಪ್ರದರ್ಶನದಲ್ಲಿ ಈ ಆಟವನ್ನು ತೋರಿಸಿ, ಇಲ್ಲಿ ಕಂಡದ್ದೆಲ್ಲ ಹನ್ನೆರಡು ತಿಂಗಳೊಳಗೆ ಆಡಲು ಸಿಗುತ್ತದೆ ಅಂದರು. ಅವನು ಅಂದು ಕುಣಿದದ್ದು ಅದಕ್ಕೇ. ಮುಂದಿನ ಮೇ ತಿಂಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರವೇ ಆಟ ಮುಂದಕ್ಕೆ ಹೋಯಿತು ಎಂಬ ಸುದ್ದಿಯೂ ಬಂತು. ಪಾಸಾದ ಹುಡುಗ ಫೇಲಾದವನ ಮುಖ ಮಾಡಿಕೊಂಡು ಕೂತಿದ್ದ!

ಕೈ ಸುಟ್ಟುಕೊಂಡ ಕಥೆ

ನಾನು ಅಂದು ನಗಲಿಲ್ಲ. ಅದಕ್ಕೆ ಕಾರಣವಿದೆ. 2021ರ ದೀಪಾವಳಿಗೆ ಅವನ ಅಜ್ಜಿ ಬಟ್ಟೆಗೆಂದು ದುಡ್ಡು ಕೊಟ್ಟಿದ್ದರು. ಅದಕ್ಕೆ ತಾನು ಕೂಡಿಟ್ಟದ್ದನ್ನೂ ಸೇರಿಸಿ, ಬೇರೊಂದು ಆಟಕ್ಕೆ ಅದು ಬರುವ ಮೊದಲೇ ಎರಡು ಸಾವಿರದ ನಾನೂರು ರೂಪಾಯಿ ಕಟ್ಟಿಬಿಟ್ಟಿದ್ದ. ಆಟ ಬಂತು. ಆದರೆ ಆನ್‌ಲೈನ್ ಪಾಠಕ್ಕೆಂದು ಕೊಂಡಿದ್ದ ನಮ್ಮ ಹಳೇ ಕಂಪ್ಯೂಟರಿನಲ್ಲಿ ಅದು ಏಳಲೇ ಇಲ್ಲ. ಹೆದರಿ ಯಾರಿಗೂ ಹೇಳದೆ ಇದ್ದುದರಿಂದ ಹಣ ವಾಪಸು ಕೇಳುವ ಗಡುವೂ ಮೀರಿತ್ತು. ಹೊಸ ಅಂಗಿ ಎಲ್ಲೋ ಅಂತ ಅಜ್ಜಿ ಕೇಳಿದಾಗ ಗುಟ್ಟು ರಟ್ಟಾಯಿತು. ಅಜ್ಜಿಯ ಎದುರಿಗೇ ನಾನು ಬಾಯಿಗೆ ಬಂದದ್ದು ಬೈದೆ. ಆಮೇಲೆ ಎರಡು ತಿಂಗಳು ಅವನು ನನ್ನ ಹತ್ತಿರ ಏನನ್ನೂ ಹೇಳಲಿಲ್ಲ. ಊಟ, ಶಾಲೆ, ನಿದ್ದೆ, ಅಷ್ಟೆ. ದುಡ್ಡು ಹೋದದ್ದಕ್ಕಿಂತ ಅದೇ ನನಗೆ ಹೆಚ್ಚು ನೋಯಿಸಿತು.

ಮೋಸಹೋಗುವವರು ಹುಡುಗರಷ್ಟೇ ಅಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಪೋಲೆಂಡಿನ ಸಿ.ಡಿ. ಪ್ರಾಜೆಕ್ಟ್ ಕಂಪನಿ ‘ಸೈಬರ್‌ಪಂಕ್ 2077’ ಎಂಬ ಆಟದ ಸುದ್ದಿಯನ್ನು 2012ರಲ್ಲೇ ಹೇಳಿತ್ತು. 2020ರಲ್ಲಿ ಮೂರು ಸಲ ಮುಂದೂಡಿ ಡಿಸೆಂಬರ್ 10ರಂದು ಕೊಟ್ಟರು. ಬರುವ ಮುಂಚೆಯೇ ಕೊಂಡವರು ಸುಮಾರು 80 ಲಕ್ಷ ಜನ! ಹಳೆಯ ಪ್ಲೇಸ್ಟೇಷನ್‌ಗಳಲ್ಲಿ ಅದು ಎಷ್ಟು ಕೆಟ್ಟದಾಗಿ ನಡೆಯಿತೆಂದರೆ, ವಾರ ಕಳೆಯುವಷ್ಟರಲ್ಲಿ ಸೋನಿಯವರು ತಮ್ಮ ಅಂಗಡಿಯಿಂದಲೇ ಅದನ್ನು ತೆಗೆದು ಹಣ ಹಿಂದಿರುಗಿಸಲು ಒಪ್ಪಿದರು. ಮತ್ತೆ ಅಂಗಡಿಗೆ ಬಂದದ್ದು 2021ರ ಜೂನ್‌ನಲ್ಲಿ. ಮುಂದೆ ರಿಪೇರಿ ಮಾಡುತ್ತಾ ಮಾಡುತ್ತಾ ಒಳ್ಳೆಯ ಆಟ ಅನ್ನಿಸಿಕೊಂಡಿತು. ಕಾದು ಕೊಂಡವರೇ ಜಾಣರು.

ಹಾಗಂತ ತಡವಾದದ್ದೆಲ್ಲ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ‘ಡ್ಯೂಕ್ ನ್ಯೂಕೆಮ್ ಫಾರೆವರ್’ ಎಂಬ ಆಟ 1997ರಲ್ಲಿ ಸಾರಿ 2011ರಲ್ಲಿ ಬಂತು. ಹದಿನಾಲ್ಕು ವರ್ಷ ಬೇಯಿಸಿದರೂ ರುಚಿ ಹತ್ತಲಿಲ್ಲ ಅಂತ ಬಹಳ ಮಂದಿ ದೂರಿದರು.

ನಮ್ಮ ಮನೆಯ ಕಟ್ಟಳೆ

ಮಗ ಮತ್ತೆ ಮಾತಾಡಲು ಶುರು ಮಾಡಿದ ಮೇಲೆ ಇಬ್ಬರೂ ಕೂತು ನಾಲ್ಕು ಕಟ್ಟಳೆ ಮಾಡಿಕೊಂಡೆವು. ನಿಮಗೂ ಉಪಯೋಗವಾದೀತು.

ಒಂದು, ಆಟ ಬರುವ ಮೊದಲು ಬಿಡಿಗಾಸೂ ಕಟ್ಟಕೂಡದು. ಬಂದ ಮೇಲೆ ಎಂಟು ದಿನ ತಡೆದು, ಆಡಿದವರ ಮಾತು ಕೇಳಬೇಕು. ಇದು ಡಬ್ಬದಲ್ಲಿ ಕಳಿಸುವ ಸಾಮಾನಲ್ಲ, ಮುಗಿದುಹೋಗುವ ಭಯವಿಲ್ಲ.

ಎರಡು, ನಮ್ಮ ಕಂಪ್ಯೂಟರಿನಲ್ಲಿ ನಡೆಯುತ್ತದೆಯೇ ಅಂತ ಮೊದಲೇ ನೋಡಬೇಕು. ಬೇಕಾದ ಶಕ್ತಿಯ ಪಟ್ಟಿಯನ್ನು ಆಟದ ಪುಟದಲ್ಲೇ ಕೊಟ್ಟಿರುತ್ತಾರೆ.

ಮೂರು, ವಯಸ್ಸಿನ ಗುರುತು ನೋಡಬೇಕು. ಯೂರೋಪಿನ ಗುರುತಿನಲ್ಲಿ 3, 7, 12, 16, 18 ಎಂದು ಇರುತ್ತದೆ. ಲೋಕವೆಲ್ಲ ಎದುರು ನೋಡುವಂತಾದ ‘ಜಿ.ಟಿ.ಎ. 6’ ಇದೆಯಲ್ಲ, ಮೊದಲು 2025 ಅಂದರು, ನಂತರ 2026ರ ಮೇ 26 ಅಂದರು, 2025ರ ನವೆಂಬರಿನಲ್ಲಿ ಅದನ್ನೂ 2026ರ ನವೆಂಬರ್ 19ಕ್ಕೆ ತಳ್ಳಿದರು. ಅದರ ಹಿಂದಿನ ಆಟಕ್ಕೆ 18ರ ಗುರುತಿದೆ. ಪಕ್ಕದ ಮನೆಯ ಏಳನೇ ತರಗತಿಯ ಹುಡುಗ ಅದಕ್ಕಾಗಿ ಹುಂಡಿ ಕೂಡಿಡುತ್ತಿದ್ದ. ಅವನ ತಾಯಿಗೆ ಇದನ್ನು ಹೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ.

ನಾಲ್ಕು, ತಪ್ಪಾದರೆ ಆ ದಿನವೇ ಹೇಳಬೇಕು, ನಾನು ಬೈಯಕೂಡದು. ‘ಸ್ಟೀಮ್’ ಎಂಬ ಅಂಗಡಿಯಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಮುಚ್ಚಿಟ್ಟರೆ ಆ ದಾರಿಯೂ ಮುಚ್ಚುತ್ತದೆ.

ಕೊನೆಗೂ ಬಂತು

2025ರ ಆಗಸ್ಟ್ 21ರಂದು ತಂಡದವರು ದಿನ ಗೊತ್ತು ಮಾಡಿದರು: ಸೆಪ್ಟೆಂಬರ್ 4. ಆರೂವರೆ ವರ್ಷ ಕಾಯಿಸಿ ಎರಡೇ ವಾರದ ಗಡುವು! ಇಷ್ಟು ದಿನ ಕೆಲಸ ಎಲ್ಲೂ ನಿಂತಿರಲಿಲ್ಲ, ಖುಷಿಯಿಂದ ಸೇರಿಸುತ್ತಾ ಹೋದೆವು ಎಂಬರ್ಥದ ಮಾತು ಹೇಳಿದರಂತೆ. ದೊಡ್ಡ ಕಂಪನಿಗಳು ಒಂದು ಆಟಕ್ಕೆ 70 ಡಾಲರ್ ಕೇಳುವ ಕಾಲದಲ್ಲಿ ಇವರು ಇಟ್ಟ ಬೆಲೆ 20 ಡಾಲರ್.

ಆರನೇ ತರಗತಿಯ ಹುಡುಗ ಅಷ್ಟರಲ್ಲಿ ಎಂಜಿನಿಯರಿಂಗ್ ಸೇರಿ ಹಾಸ್ಟೆಲ್‌ನಲ್ಲಿದ್ದ. ಆ ಸಂಜೆ ಏಳೂವರೆಗೆ ಆಟ ಬಿಟ್ಟರು. ಜನ ನುಗ್ಗಿದ ರಭಸಕ್ಕೆ ಸ್ಟೀಮ್ ಸೇರಿ ದೊಡ್ಡ ದೊಡ್ಡ ಅಂಗಡಿಗಳೇ ಕೆಲ ಹೊತ್ತು ಕಟ್ಟಿಕೊಂಡವು. ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು.

“ಅಮ್ಮಾ, ದುಡ್ಡು ನಂದೇ, ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತೆ, ನೋಡಿದೀನಿ. ಎಂಟು ದಿನದ ಕಟ್ಟಳೆ ಇದಕ್ಕೂ ಇದೆಯಾ?”

ಅವನು ಕೇಳದೆಯೇ ಕೊಳ್ಳಬಹುದಿತ್ತು. ನನಗೆ ಗೊತ್ತೂ ಆಗುತ್ತಿರಲಿಲ್ಲ.

“ಆರು ವರ್ಷ ಕಾದವನಿಗೆ ಇನ್ನೆಂಥಾ ಎಂಟು ದಿನವೋ, ತಗೋ ಹೋಗು” ಅಂದೆ.

ಆಟ ವಿಪರೀತ ಕಷ್ಟ ಎಂದು ಮೊದಲ ವಾರವೇ ಬಹಳ ಜನ ಗೊಣಗಿದರಂತೆ, ತಂಡದವರು ಆರಂಭದ ಒಂದೆರಡು ಕಾಳಗಗಳನ್ನು ತುಸು ಹಗುರ ಮಾಡಿದರಂತೆ. ಭಾನುವಾರ ಮಗ ಮತ್ತೆ ಫೋನು ಮಾಡಿದ. ಒಂದೇ ಶತ್ರುವಿನ ಕೈಲಿ ಹನ್ನೊಂದು ಸಲ ಸೋತನಂತೆ! ಅಷ್ಟು ಸಂತೋಷದ ದನಿ ಕೇಳಿ ಎಷ್ಟೋ ದಿನವಾಗಿತ್ತು.