ತೂಕ ಇಳಿಸುವ ಆಪರೇಷನ್ ಆದಮೇಲೆ ಬಿಪಿ ಲೋ ಆಗುತ್ತಿದೆಯೇ? ಮೊದಲು ಮಾತ್ರೆ ಡಬ್ಬಿ ತೆಗೆದು ನೋಡಿ



ಆಪರೇಷನ್ ಆಗಿ ಎರಡು ತಿಂಗಳು. 15 ಕಿಲೋ ಇಳಿದಿದೆ. ನೋಡಿದವರೆಲ್ಲ ಚೆನ್ನಾಗಿ ಕಾಣ್ತಿದ್ದೀರಿ ಅನ್ನುತ್ತಾರೆ. ಆದರೆ ಬೆಳಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುತ್ತದೆ, ಗೋಡೆ ಹಿಡಿದು ನಿಲ್ಲಬೇಕು. ದೇವರ ಮನೆಯಲ್ಲಿ ಬಗ್ಗಿ ಎದ್ದರೆ ತಲೆ ಗಿರ್ ಅನ್ನುತ್ತದೆ. ಮನೆಯವರು "ಊಟ ಕಮ್ಮಿ ಆಗಿದೆಯಲ್ಲ, ನಿಶ್ಶಕ್ತಿ ಇರಬೇಕು" ಎಂದು ಸಮಾಧಾನ ಮಾಡುತ್ತಾರೆ. ಮಾತ್ರೆ ಡಬ್ಬಿ ತೆಗೆದರೆ ಆಪರೇಷನ್‌ಗೆ ಮುಂಚಿನ ಅದೇ ಬಿಪಿ ಮಾತ್ರೆ! ಅಷ್ಟೇ ಪ್ರಮಾಣದಲ್ಲಿ, ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದೀರಿ.

ಬೇರಿಯಾಟ್ರಿಕ್ ಸರ್ಜರಿ ಆದವರಲ್ಲಿ ಬಿಪಿ ಇಳಿಯುವುದು ನಿರೀಕ್ಷಿತವೇ. ಎಷ್ಟೋ ಜನ ಅದಕ್ಕಾಗಿಯೂ ಮಾಡಿಸಿಕೊಂಡಿರುತ್ತಾರೆ. ಬಿಪಿ ಇಳಿದ ವೇಗಕ್ಕೆ ತಕ್ಕಂತೆ ಮಾತ್ರೆ ಚೀಟಿ ಬದಲಾಗದಿದ್ದರೆ ತೊಂದರೆ ಶುರುವಾಗುತ್ತದೆ.

ದೇಹದೊಳಗೆ ನಡೆಯುವುದು ಇಷ್ಟು. ಬೊಜ್ಜು ಜಾಸ್ತಿ ಇದ್ದಾಗ ಇನ್ಸುಲಿನ್ ಜಾಸ್ತಿ ಇರುತ್ತದೆ, ಅದು ಕಿಡ್ನಿಯಿಂದ ಉಪ್ಪು ಹೊರಗೆ ಹೋಗದಂತೆ ತಡೆಯುತ್ತದೆ. ಆಪರೇಷನ್ ನಂತರ ಇನ್ಸುಲಿನ್ ಇಳಿಯುತ್ತದೆ. ಉಪ್ಪು, ಅದರ ಜೊತೆ ನೀರು, ಮೂತ್ರದಲ್ಲಿ ಹೋಗಿಬಿಡುತ್ತವೆ. ಇತ್ತ ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಪಾಲು ತೆಗೆದಿರುತ್ತಾರೆ, ಒಂದು ಲೋಟ ನೀರನ್ನು ಗಟಗಟ ಕುಡಿಯಲಾಗುವುದಿಲ್ಲ. ಅನ್ನ ಸಾರಿನಲ್ಲಿ ಒಳಗೆ ಹೋಗುತ್ತಿದ್ದ ನೀರು, ಉಪ್ಪು ಕೂಡ ಕಮ್ಮಿ. ಇದರ ಮೇಲೆ ನಮ್ಮ ನಾಚಾರಂನ ಏಪ್ರಿಲ್-ಮೇ ಬಿಸಿಲು. ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಎಂಟು ಗಂಟೆ ನಿಂತು ಕೆಲಸ ಮಾಡುವವರಿಗೆ ಕೇಳುವುದೇ ಬೇಡ.

ಊಹೆ ಮಾಡುತ್ತಾ ಕೂರುವ ಬದಲು ಅಳೆದು ನೋಡಿ. ಐದು ನಿಮಿಷ ಮಲಗಿ, ಬಿಪಿ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೊಮ್ಮೆ, ಮೂರು ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಪಕ್ಕದಲ್ಲಿ ಯಾರಾದರೂ ಇರಲಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಡಾಕ್ಟರಿಗೆ ಹೇಳಲೇಬೇಕು. ಕುಳಿತು ನೋಡಿದಾಗ 110 ಬಂದು ಎಲ್ಲ ಸರಿ ಅನ್ನಿಸುವವರಲ್ಲೂ ನಿಂತಾಗ 85 ಆಗುವುದುಂಟು. ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ: ನಿಮ್ಮ ತೋಳು ಈಗ ಸಣ್ಣಗಾಗಿದೆ. ಮೆಷಿನ್ ಜೊತೆ ಆಗ ಕೊಂಡ ದೊಡ್ಡ ಪಟ್ಟಿಯನ್ನೇ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ. ತೋಳಿನ ಸುತ್ತಳತೆಗೆ ಸರಿಯಾದ ಪಟ್ಟಿ ತೆಗೆದುಕೊಳ್ಳಿ.

ಈಗ ಮಾತ್ರೆ ವಿಷಯ. ಅನೇಕರ ಬಿಪಿ ಮಾತ್ರೆ ಒಂದೇ ಗುಳಿಗೆಯಲ್ಲಿ ಎರಡು ಔಷಧಿ. ಹೆಸರಿನ ಕೊನೆಗೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧಿ ಸೇರಿರುತ್ತದೆ. ನೀರೇ ಸಾಲದ ದೇಹದಿಂದ ಇನ್ನಷ್ಟು ನೀರು ತೆಗೆದಂತೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ದೇಹ ಒಣಗಿದಾಗ ಕಿಡ್ನಿಗೂ ಹೊರೆ. ಶುಗರ್‌ಗೆಂದು ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಅದೂ ಮೂತ್ರ ಹೆಚ್ಚಿಸುತ್ತದೆ. ಗಂಡಸರಿಗೆ ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್ ಕೂಡ ನಿಂತಾಗ ಬಿಪಿ ಇಳಿಸಬಹುದು. ಹಾಗಂತ ನೀವೇ ಎಲ್ಲ ನಿಲ್ಲಿಸಬೇಡಿ. ಅಟೆನೊಲಾಲ್, ಮೆಟೊಪ್ರೊಲಾಲ್‌ಗಳನ್ನು ದಿಢೀರ್ ನಿಲ್ಲಿಸಿದರೆ ಎದೆಬಡಿತ ಏರಿ ಅಪಾಯವಾಗಬಹುದು. ಮಲಗಿದಾಗಿನ, ನಿಂತಾಗಿನ ಅಂಕಿಗಳನ್ನೂ ಎಲ್ಲ ಮಾತ್ರೆ ಶೀಟುಗಳ ಫೋಟೋವನ್ನೂ ಅದೇ ದಿನ ಡಾಕ್ಟರಿಗೆ ಕಳಿಸಿ, ಇಂದಿನ ಡೋಸ್ ತೆಗೆದುಕೊಳ್ಳಬೇಕೇ ಎಂದು ಕೇಳಿ. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆಪರೇಷನ್ ಮಾಡಿದ ಸರ್ಜನ್ ಒಬ್ಬರು, ಬಿಪಿ ಮಾತ್ರೆ ಬರೆದ ಡಾಕ್ಟರು ಇನ್ನೊಬ್ಬರು, ಇಬ್ಬರೂ ಮತ್ತೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡಿರುತ್ತಾರೆ. ನಡುವೆ ಸಿಕ್ಕಿಕೊಳ್ಳುವವರು ನೀವು.

ನೀರು ಕುಡಿಯುವುದು ಈಗ ಒಂದು ಕೆಲಸವೇ. ದಿನಕ್ಕೆ ಒಂದೂವರೆ ಲೀಟರ್‌ಗೆ ಕಮ್ಮಿಯಾಗದಂತೆ, ಗುಟುಕು ಗುಟುಕಾಗಿ. ಅರ್ಧ ಲೀಟರ್ ಬಾಟಲಿ ಮೂರು ಸಲ ಖಾಲಿಯಾಗಬೇಕು ಎಂದು ಲೆಕ್ಕ ಇಟ್ಟುಕೊಂಡರೆ ಸುಲಭ. ಊಟದ ಜೊತೆ ಬೇಡ, ಊಟವಾಗಿ ಅರ್ಧ ಗಂಟೆ ಬಿಡಿ. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲದು.

ತಲೆ ಸುತ್ತಿದ ಕೂಡಲೇ ನಮ್ಮ ಮನೆಗಳಲ್ಲಿ ಉಪ್ಪು-ಸಕ್ಕರೆ ನಿಂಬೆ ಶರಬತ್ತೋ ಗ್ಲೂಕೋಸ್ ಪುಡಿಯೋ ಒಂದು ಲೋಟ ಕದಡಿ ಕೊಡುತ್ತಾರೆ. ಪ್ರೀತಿಯಿಂದಲೇ. ಆದರೆ ಬೈಪಾಸ್ ಆದವರಿಗೆ, ಕೆಲವೊಮ್ಮೆ ಸ್ಲೀವ್ ಆದವರಿಗೂ, ಸಕ್ಕರೆ ನೀರು ನೇರ ಕರುಳಿಗೆ ನುಗ್ಗಿ ರಕ್ತದ ನೀರನ್ನೇ ಅತ್ತ ಎಳೆದುಕೊಳ್ಳುತ್ತದೆ. ಎದೆ ಡವಡವ, ಬೆವರು, ಬಿಪಿ ಇನ್ನೂ ಕೆಳಗೆ. ಒಂದರಿಂದ ಮೂರು ಗಂಟೆಯಲ್ಲಿ ಶುಗರ್ ಕೂಡ ಬೀಳಬಹುದು. ಓಆರ್‌ಎಸ್ ಬೇಕಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೇ ಎಂದು ಪ್ಯಾಕೆಟ್ ಮೇಲೆ ಓದಿ ತೆಗೆದುಕೊಳ್ಳಿ: ಒಂದು ಲೀಟರ್‌ಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಇದಕ್ಕಿಂತ ಹಲವು ಪಟ್ಟು ಸಕ್ಕರೆ ಇರುವ ಜ್ಯೂಸ್ ಡಬ್ಬಿಗಳೂ ಓಆರ್‌ಎಸ್ ಹೆಸರಲ್ಲಿ ಮಾರಾಟವಾಗುತ್ತಿದ್ದವು. ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದವರು ನಮ್ಮ ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್. 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಅಂಥ ಪಾನೀಯಗಳು ಆ ಹೆಸರು ಬಳಸಬಾರದೆಂದು ಆದೇಶಿಸಿತು. ಅಸಲಿ ಓಆರ್‌ಎಸ್ ಕೂಡ ಗುಟುಕಾಗಿಯೇ ಕುಡಿಯಿರಿ. ಉಪ್ಪು ಹಾಕಿದ ತೆಳು ಮಜ್ಜಿಗೆ ನನಗೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ. ಹೃದಯ, ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳದೆ ಉಪ್ಪು ಹೆಚ್ಚಿಸಬಾರದು.

ಇನ್ನು "ಗಲ್ಲಿ ಕ್ಲಿನಿಕ್‌ಗೆ ಹೋಗಿ ಒಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರೋಣ" ಅನ್ನುವ ಅಭ್ಯಾಸ. ದಿನಗಟ್ಟಲೆ ವಾಂತಿ ಆಗುತ್ತಿದ್ದವರಿಗೆ ಇದು ನಿಜಕ್ಕೂ ಅಪಾಯ. ವಾಂತಿಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್, ಕೆಲವೇ ವಾರಗಳಲ್ಲಿ ಖಾಲಿಯಾಗುತ್ತದೆ. ಆಗ ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಅಷ್ಟಿಷ್ಟೂ ಖರ್ಚಾಗಿ ಮೆದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಹಬ್ಸಿಗುಡ ದಾಟಿ ತಾರ್ನಾಕದ ಕಡೆ ಹೋದರೆ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಿಗುತ್ತದಲ್ಲ, ಅದು 1918ರಲ್ಲಿ ಕೂನೂರಿನಲ್ಲಿ ಶುರುವಾದದ್ದೇ ಬೆರಿಬೆರಿ ಎಂಬ ಈ ಬಿ1 ಕೊರತೆಯ ಕಾಯಿಲೆಯನ್ನು ಶೋಧಿಸಲು. ಹೈದರಾಬಾದಿಗೆ ಬಂದದ್ದು 1958ರಲ್ಲಿ. ಬರೀ ಪಾಲಿಶ್ ಅಕ್ಕಿ ತಿನ್ನುವವರಿಗೆ ಬರುತ್ತಿದ್ದ ಆ ಹಳೇ ಕಾಯಿಲೆ ಈಗ ಈ ಆಪರೇಷನ್ ಆದವರಲ್ಲಿ ಮತ್ತೆ ಕಾಣಿಸುತ್ತಿದೆ. ಕಾಲು ಜೋಮು, ವಸ್ತು ಎರಡೆರಡಾಗಿ ಕಾಣುವುದು, ನಡಿಗೆ ತಡವರಿಸುವುದು, ಮಾತು ಗೊಂದಲ ಇದ್ದರೆ ತಡಮಾಡದೆ ದೊಡ್ಡ ಆಸ್ಪತ್ರೆಗೇ ಹೋಗಿ, ಆಪರೇಷನ್ ಆದದ್ದನ್ನು ಮೊದಲ ಮಾತಿನಲ್ಲೇ ಹೇಳಿ.

*ಇವು ಇದ್ದರೆ 108ಕ್ಕೆ ಫೋನ್ ಮಾಡಿ, ಮನೆಮದ್ದು ಬೇಡ:* ಪ್ರಜ್ಞೆ ತಪ್ಪಿ ಬೀಳುವುದು, ಎದೆನೋವು, ಕಪ್ಪು ಮಲ ಅಥವಾ ರಕ್ತವಾಂತಿ, ಮೂತ್ರವೇ ಬಾರದಿರುವುದು. ಆಪರೇಷನ್ ಆದ ಮೊದಲ ವಾರಗಳಲ್ಲಿ ನಾಡಿ 120 ದಾಟಿ, ಜ್ವರ, ಹೊಟ್ಟೆನೋವು ಅಥವಾ ಎಡಭುಜದ ನೋವು ಬಂದರೆ ಹೊಲಿಗೆ ಸೋರುತ್ತಿರಬಹುದು.

ದಿನನಿತ್ಯಕ್ಕೆ: ಏಳುವಾಗ ಪಕ್ಕಕ್ಕೆ ಹೊರಳಿ, ಮಂಚದ ಅಂಚಲ್ಲಿ ಎರಡು ನಿಮಿಷ ಕೂತು ಪಾದ ಮೇಲೆ ಕೆಳಗೆ ಆಡಿಸಿ ಆಮೇಲೆ ನಿಲ್ಲಿ. ಕುದಿಬಿಸಿ ನೀರಿನ ಸ್ನಾನ ಬೇಡ, ಬಚ್ಚಲಲ್ಲಿ ಒಂದು ಸ್ಟೂಲ್ ಇರಲಿ. ಮೆಟ್ರೋದಲ್ಲಿ ನಿಂತಾಗ ಕಣ್ಣು ಮಂಜಾದರೆ ಕಾಲು ಕತ್ತರಿ ಹಾಕಿ ತೊಡೆ ಬಿಗಿ ಮಾಡಿ, ಆಗದಿದ್ದರೆ ನಾಚಿಕೆ ಬಿಟ್ಟು ಕೆಳಗೆ ಕೂತುಬಿಡಿ. ತಲೆಸುತ್ತು ಹತೋಟಿಗೆ ಬರುವವರೆಗೆ ಸ್ಕೂಟರ್ ಓಡಿಸಬೇಡಿ.

ಮಾತ್ರೆ ಇಳಿಸಿ, ನೀರು ಸರಿಯಾಗಿ ಕುಡಿದ ಮೇಲೂ ಬಿಪಿ ಏಳದಿದ್ದರೆ ಹಿಮೋಗ್ಲೋಬಿನ್, ಬಿ12, ಶುಗರ್, ಕಿಡ್ನಿ ಪರೀಕ್ಷೆ ಮಾಡಿಸಬೇಕು. ಕೆಲವರಿಗೆ ಕಾಲಿಗೆ ಹಾಕುವ ಬಿಗಿ ಸ್ಟಾಕಿಂಗ್ಸ್, ಅಪರೂಪಕ್ಕೆ ಬಿಪಿ ಏರಿಸುವ ಮಾತ್ರೆಯೂ ಬೇಕಾಗುತ್ತದೆ. ಮಾತ್ರೆ ಪೂರ್ತಿ ನಿಂತವರು ಮೆಷಿನ್ ಅಟ್ಟಕ್ಕೆ ಹಾಕಬೇಡಿ, ತೂಕ ಮತ್ತೆ ಏರಿದರೆ ಬಿಪಿಯೂ ಏರಬಹುದು. ಮೆಷಿನ್ ಇಲ್ಲದವರು, ಇಎಸ್‌ಐ ಕಾರ್ಡ್ ಇದ್ದರೆ, ತಿಂಗಳಿಗೊಮ್ಮೆ ಇಎಸ್‌ಐ ಡಿಸ್ಪೆನ್ಸರಿಯಲ್ಲೋ ನಾಚಾರಂನ ಇಎಸ್‌ಐ ಆಸ್ಪತ್ರೆಯಲ್ಲೋ ನೋಡಿಸಿ. ಕುಳಿತು ಒಮ್ಮೆ, ನಿಂತು ಒಮ್ಮೆ ಎಂದು ನೀವೇ ಬಾಯಿಬಿಟ್ಟು ಕೇಳಿ.