ಒಂದೇ ಪೆಟ್ಟಿಗೆ, ಎರಡು ಬಿಡಾರ

ನಾಸಿಕದ ಬಸ್ ನಿಲ್ದಾಣದಲ್ಲಿ ಬರಿದೆ ‘ಗಂಗಾಪುರ’ ಎಂದರೆ ಸಾಲದು. ಗೋದಾವರಿಗೆ ಅಣೆಕಟ್ಟು ಕಟ್ಟಿರುವ ಗಂಗಾಪುರ ಊರಿನ ಹತ್ತಿರವೇ ಇದೆ. ತಾಲೂಕಿನ ಗಂಗಾಪುರ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ನಮ್ಮ ಹಿರಿಯರ ಕಿವಿಗಂತೂ ಕಲಬುರಗಿ ಜಿಲ್ಲೆಯ ಗಾಣಗಾಪುರವೇ ಕೇಳಿಸೀತು! ‘ಯಾವ ಗಂಗಾಪುರ?’ ಎಂದು ಕೇಳುವವನೊಬ್ಬ ಬೇಕು. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡರೆ, ಹಾಗೆ ಕೇಳುವ ಕೆಲಸ ಬೂಟ್ ಮ್ಯಾನೇಜರಿನದು.

ಎರಡು ಏತಕ್ಕೆ? ಹೊರನಾಡಿನಲ್ಲಿ ನೆಲೆಸಿದ ನಮಗೆ ಕಾರಣವಿದೆ. ಶೇಷಾದ್ರಿವಾಸು ಅವರ ‘ಬರಹ’ ಹೊರಬಂದದ್ದು ೧೯೯೮ರಲ್ಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂತು. ಯೂನಿಕೋಡ್ ರೂಢಿಯಾಗುವ ಮೊದಲು ಅವುಗಳಲ್ಲಿ ಅಚ್ಚಿಸಿಟ್ಟ ಪತ್ರಗಳು, ವಂಶಾವಳಿಗಳು, ಸಂಘದ ವರದಿಗಳು ಎಷ್ಟೋ ಮನೆಗಳ ಹಳೆಯ ವಿಂಡೋಸಿನಲ್ಲಿ ಉಳಿದಿವೆ. ಅಂದಿನ ಫಾಂಟುಗಳಿಲ್ಲದ ಕಡೆ ತೆರೆದರೆ ಕಾಣುವುದು ಅರ್ಥವಿಲ್ಲದ ಗುರುತುಗಳು. ಅವನ್ನು ಯೂನಿಕೋಡಿಗೆ ತಿರುಗಿಸಬಹುದು, ತಿರುಗಿಸಲೂ ಬೇಕು. ಆದರೆ ಒತ್ತಕ್ಷರ ತಪ್ಪಿದಲ್ಲಿ ಮೂಲವನ್ನು ನೋಡದೆ ತಿದ್ದುವುದು ಹೇಗೆ? ಇತ್ತ ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲೇ ಸಾಮಾನ್ಯ ರಕ್ಷಣೆ ನಿಂತಿದೆ. ಅದಕ್ಕೆ ಅಂತರ್ಜಾಲದ ಸಂಪರ್ಕ ಕೊಡದೆ ಕಡತಗಳಿಗಾಗಿ ಉಳಿಸಿಕೊಂಡು, ಮಕ್ಕಳ ಓದಿಗೂ ಬ್ಯಾಂಕಿನ ವ್ಯವಹಾರಕ್ಕೂ ಲಿನಕ್ಸ್ ಹಾಕಿಕೊಳ್ಳುವುದೇ ಮೇಲೆಂದು ನಮ್ಮ ಅಭಿಪ್ರಾಯ.

ಹಳೆಯ ಬಯೋಸ್ ಯಂತ್ರವು ಡಿಸ್ಕಿನ ಮೊದಲ ೫೧೨ ಬೈಟುಗಳನ್ನು ಓದಿ ಎಚ್ಚರಗೊಳ್ಳುತ್ತದೆ. ಅವುಗಳಲ್ಲಿ ಆಜ್ಞೆಗಳಿಗೆ ಸಿಕ್ಕುವುದು ೪೪೬ ಮಾತ್ರ. ಇಷ್ಟು ಕಿರಿಯ ಜಗಲಿಯಲ್ಲಿ ಆಯ್ಕೆಯ ಪಟ್ಟಿ ಹಿಡಿಸದು. ಆದ್ದರಿಂದ ಗ್ರಬ್ ಎಂಬ ಬೂಟ್ ಮ್ಯಾನೇಜರ್ ಉಳಿದ ಸರಂಜಾಮನ್ನು ಸಾಮಾನ್ಯವಾಗಿ ಲಿನಕ್ಸಿನ ವಿಭಾಗದಲ್ಲಿ ಇಡುತ್ತದೆ. ಮನೆಯ ಹುಡುಗ ಇನ್ನೊಂದು ಲಿನಕ್ಸ್ ನೋಡೋಣವೆಂದು ಇದನ್ನು ಅಳಿಸಿದನೋ, ವಿಂಡೋಸಿನ ಬಾಗಿಲೂ ಮುಚ್ಚಿತು! ಅಜ್ಜನ ಪತ್ರಗಳು ಒಳಗೇ ಇರುತ್ತವೆ, ಹೋಗಲು ದಾರಿಯಿಲ್ಲ.

ಇದಕ್ಕೆ ಉಪಾಯ, ಗ್ರಬ್ಬಿಗೆ ತನ್ನದೇ ಪುಟ್ಟ ವಿಭಾಗ ಕೊಡುವುದು. ೫೦೦ ಎಂಬಿ ಧಾರಾಳವಾಯಿತು. ಐಬಿಎಂನ ಓಎಸ್/೨ ೧೯೯೨ರಷ್ಟು ಹಿಂದೆಯೇ ಇಂಥ ಏರ್ಪಾಡು ಮಾಡಿತ್ತು. ಲಿನಕ್ಸಿನ ಸ್ವಂತ ಬೂಟ್ ಲೋಡರು ಲಿನಕ್ಸಿನ ವಿಭಾಗದಲ್ಲೇ ಇರಲಿ, ವಿಂಡೋಸಿನದು ಅದರ ವಿಭಾಗದಲ್ಲಿ. ನಡುವಿನ ಗ್ರಬ್ ‘ಯಾರ ಮನೆಗೆ?’ ಎಂದು ಕೇಳಿ ಆಯಾ ಬಾಗಿಲಿಗೆ ಒಪ್ಪಿಸಿಬಿಡುತ್ತದೆ. ಲಿನಕ್ಸನ್ನು ಅಳಿಸಿದರೂ ವಿಂಡೋಸ್ ತೆರೆಯುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿದರೆ ಆ ೪೪೬ ಬೈಟುಗಳನ್ನು ಅದು ತಿದ್ದಿಬಿಡುವುದುಂಟು. ಆದರೆ ಪಟ್ಟಿ ತನ್ನ ವಿಭಾಗದಲ್ಲಿ ಕ್ಷೇಮವಾಗಿರುತ್ತದೆ, ಲಿನಕ್ಸಿನ ಯುಎಸ್‌ಬಿಯಿಂದ ಮೊದಲ ತುಣುಕನ್ನಷ್ಟೇ ಮತ್ತೆ ಬರೆದರೆ ಆಯಿತು.

ಕೈಹಾಕುವ ಮೊದಲು ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ಇಳಿಸಿ, ಅಲ್ಲಿ ತೆರೆದು ನೋಡಿ, ಡಿಸ್ಕನ್ನು ಕಳಚಿ ಬೀರುವಿನಲ್ಲಿಡಿ. ವಿಂಡೋಸಿನ ವಿಭಾಗವನ್ನು ವಿಂಡೋಸಿನ ಸಾಧನದಿಂದಲೇ ಕುಗ್ಗಿಸುವುದು ಒಳ್ಳೆಯದು. ಈ ಹಳೆಯ ಪದ್ಧತಿಯಲ್ಲಿ ಮುಖ್ಯ ವಿಭಾಗಗಳು ನಾಲ್ಕನ್ನು ಮೀರುವಂತಿಲ್ಲ.

ಹೊಸ ಯುಇಎಫ್‌ಐ ಯಂತ್ರ ಕೊಂಡವರಿಗೆ ಇಷ್ಟು ತೊಡಕಿಲ್ಲ. ಅಲ್ಲಿ ಇಎಫ್‌ಐ ಎಂಬ ಪ್ರತ್ಯೇಕ ವಿಭಾಗ ಮೊದಲೇ ಇದ್ದು, ಒಂದೊಂದು ವ್ಯವಸ್ಥೆಗೂ ಅದರಲ್ಲಿ ಬೇರೆ ಬೇರೆ ಫೋಲ್ಡರ್ ಇರುತ್ತದೆ. ಬಿಟ್‌ಲಾಕರ್ ಬೀಗವಿದ್ದರೆ ಮಾತ್ರ ಅದರ ೪೮ ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಕೆಲಸಕ್ಕೆ ಕುಳಿತುಕೊಳ್ಳಿ.